ಸೀರೆ ಗಾರ್ಡ್

ಹೊಸ ಸೀರೆ ಗಾರ್ಡನ್ನು ಬೈಕಿನ ಹಿಂಚಕ್ರದ ಪಕ್ಕ ಹಿಡಿದು ಮೆಕ್ಯಾನಿಕ್ ಚೌಡಪ್ಪ ಮೂರು ಸಲ ಅಳತೆ ನೋಡಿದ. ಹಳೆಯದನ್ನು ಹೋದ ವರ್ಷ ಬಿಚ್ಚಿದವನೂ ಅವನೇ. ಅದಿದ್ದರೆ ಮುದುಕರ ಗಾಡಿ ಥರ ಕಾಣುತ್ತದೆಂದು ಗಾಡಿಯವನು ಹಟ ಹಿಡಿದಿದ್ದ. ಇಲ್ಲವೆನ್ನಲು ಬಾಯಿ ಬರದೆ ಚೌಡಪ್ಪ ಬಿಚ್ಚಿಕೊಟ್ಟಿದ್ದ. ಹದಿನೈದೇ ದಿನಕ್ಕೆ ಗಾಡಿಯವನ ಹೆಂಡತಿಯ ಸೆರಗು ಆ ಚಕ್ರಕ್ಕೆ ಸುತ್ತಿಕೊಂಡಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ನಾಳೆ ಅವನಿಗೆ ಎರಡನೇ ಮದುವೆ.

ಚೌಡಪ್ಪ ಒಂದೊಂದು ಬೋಲ್ಟಿಗೂ ವಾಷರ್ ಹಾಕಿ, ನಟ್ಟಿನ ಮೇಲೆ ಇನ್ನೊಂದು ನಟ್ಟು ಬಿಗಿದ. ಗಾರ್ಡನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದ. ಅಲುಗಲಿಲ್ಲ. ಆದರೂ ಮತ್ತೆ ಸ್ಪ್ಯಾನರ್ ಎತ್ತಿಕೊಂಡ.

“ಇನ್ನೂ ಎಷ್ಟು ಟೈಟ್ ಮಾಡ್ತೀರ? ಸಾಕು ಬಿಡಿ, ಮನೇಲಿ ಚಪ್ಪರದ ಕೆಲಸ ಇದೆ,” ಎಂದ ಗಾಡಿಯವನು.

“ಇದನ್ನ ಮಾತ್ರ ಯಾವತ್ತೂ ಬಿಚ್ಚಿಸಬೇಡಿ. ಕೈ ಮುಗೀತೀನಿ.”

ಚೌಡಪ್ಪ ಗ್ರೀಸಿನ ಕೈಗಳನ್ನು ನಿಜಕ್ಕೂ ಜೋಡಿಸಿದ್ದ. ಗಾಡಿಯವನು ನಗುತ್ತಾ ಕಿಕ್ ಹೊಡೆದ.

“ಬಿಚ್ಚಿಸಿದ್ರೂ ಏನೂ ಆಗಲ್ಲ ಬಿಡಿ ಮಾವ. ನಿಮ್ಮ ದೊಡ್ಡ ಮಗಳಿಗೆ ಸೆರಗು ಹಿಡ್ಕೊಂಡು ಕೂರೋಕೂ ಬರ್ತಿರಲಿಲ್ಲ. ಚಿಕ್ಕವಳು ಜಾಣೆ.”