ಎರಡು ಬಟನ್‌ಗಳ ಪ್ರೆಸ್

2025ರ ಮಾರ್ಚ್ 11, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ವಕಾಲತ್ತಿನ ಹಾಳೆಗೆ ಸಹಿ ಹಾಕಲು, ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಆಪರೇಟರ್ ಎಡಗೈಯಲ್ಲಿ ಪೆನ್ನು ಹಿಡಿದಾಗ, ವಕೀಲೆ ಆ ಹಾಳೆಯ ಮೇಲೆ ಅಂಗೈ ಊರಿದರು. "ಸ್ವಲ್ಪ ತಾಳಿ. ಪ್ರೆಸ್ ಮುಂದೆ ಹೇಗೆ ಕೆಲಸ ಮಾಡ್ತಿದ್ರಿ, ಈ ಮೇಜಿನ ಮೇಲೆ ಮಾಡಿ ತೋರಿಸಿ."

ಅವನು ಪೆನ್ನು ಕೆಳಗಿಟ್ಟ. ಹನ್ನೊಂದು ವರ್ಷದ ರೂಢಿ. ಕೈಗಳಿಗೆ ಯೋಚಿಸುವ ಅಭ್ಯಾಸವಿರಲಿಲ್ಲ. ಮೇಜಿನ ಮೇಲೆ ಇಲ್ಲದ ಬಟನ್ ಅನ್ನು ಎಡಗೈ ಒತ್ತಿತು. ಎರಡು ಬೆರಳು ಕಳೆದುಕೊಂಡ ಬಲಗೈ ತಗಡು ತೆಗೆಯಲು ಮುಂದೆ ಹೋಗಿ ಅಲ್ಲೇ ನಿಂತಿತು.

"ಎರಡೂ ಕೈ ಹೊರಗಿರಲಿ ಅಂತ, ಎರಡೂ ಬಟನ್ ಒಟ್ಟಿಗೆ ಒತ್ತಿದ್ರೆ ಮಾತ್ರ ಪ್ರೆಸ್ ಇಳಿಯುತ್ತೆ ಅಂದ್ರಲ್ಲ," ವಕೀಲೆ ಕೇಳಿದರು. "ಬಲಗಡೆಯ ಬಟನ್ ಒತ್ತಿದ್ದು ಯಾರು?"

"ಬೆರಳು ಹೋದಾಗಿಂದ ಮೂರು ವಾರ ಇವರಿಗೆ ನಿದ್ದೆಯಿಲ್ಲ ಮೇಡಂ," ಎನ್ನುತ್ತ ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೇಜಿನಡಿ ಅವನ ಕಾಲು ತುಳಿದಳು. ಬಟನ್ ವಿಷಯ ಬಾಯಿಬಿಟ್ಟರೆ ಪರಿಹಾರಕ್ಕೆ ಕಲ್ಲು ಬೀಳುತ್ತದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು.

"ನಾನು ಇಲ್ಲಿ ಕೇಳದಿದ್ರೆ ಎದುರು ವಕೀಲರು ಕೋರ್ಟಲ್ಲಿ ಕೇಳ್ತಾರಮ್ಮ. ಅಲ್ಲಿ ಕಾಲು ತುಳಿಯೋಕೆ ನಿಮಗೆ ಜಾಗ ಇರಲ್ಲ."

ಅವನು ಹೆಂಡತಿಯ ಮುಖ ನೋಡಲಿಲ್ಲ. "ಅದನ್ನ ರಬ್ಬರ್ ಪಟ್ಟಿ ಬಿಗಿದು ಒತ್ತಿಟ್ಟಿರ್ತೀವಿ. ಎಲ್ಲರೂ. ಪಟ್ಟಿ ಕತ್ತರಿಸಿ ಹಂಚೋರೇ ಸೂಪರ್‌ವೈಸರ್."

ವಕೀಲೆ ಅಂಗೈ ತೆಗೆದು ಹಾಳೆಯನ್ನು ಅವನತ್ತ ಸರಿಸಿದರು. "ಈಗ ಸಹಿ ಹಾಕಿ. ಪಟ್ಟಿ ಹಂಚಿದ್ದು ಕಂಪನಿಯವರೇ, ಇದೇ ನಮ್ಮ ಕೇಸು. ಪಟ್ಟಿ ಕಟ್ಟಿದ್ರೆ ಅವರಿಗೆ ಎಷ್ಟು ಸಮಯ ಉಳೀತಿತ್ತು?"

ಅವನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಮುಗಿಸಿದ. "ಸೂಪರ್‌ವೈಸರ್ರೇ ಗಡಿಯಾರ ಹಿಡಿದು ಅಳೆದಿದ್ರು ಮೇಡಂ. ಒಂದು ತಗಡಿಗೆ ಒಂದೂವರೆ ಸೆಕೆಂಡು."