ನಿಂತರೆ ಆಫ್

"ತಗೊಳ್ರೀ ತತ್ಸುನೋ, ಡೀಸೆಲ್ ಉಳಿಸೋದ್ರಲ್ಲಿ ಈ ತಿಂಗಳೂ ನೀವೇ ಫಸ್ಟ್!" ಯಜಮಾನ ಹಿರಾನುಮಾ ಬಹುಮಾನದ ಬಾವುಟ ಚಾಚಿದ. ಬೆಳಗಿನ ಸಭೆಗೆ ಆಫೀಸಿನಲ್ಲಿ ಸಾಲಾಗಿ ನಿಂತಿದ್ದ ಲಾರಿ ಚಾಲಕರು ಚಪ್ಪಾಳೆ ತಟ್ಟಲಿಲ್ಲ. ತತ್ಸುನೋ ಕೈ ಮುಂದೆ ಮಾಡಲಿಲ್ಲ.

"ನಿನ್ನೆ ಲಾರಿಯೊಳಗೇ ಪ್ರಜ್ಞೆ ತಪ್ಪಿ ಬಿದ್ನಲ್ಲ ಒಗುಶಿ, ಅವನು ಹೇಗಿದ್ದಾನೆ ಅಂತ ಒಂದು ಮಾತು ಕೇಳಿದ್ರಾ ಯಜಮಾನ್ರೇ?"

"ಪಾಪ, ಆಸ್ಪತ್ರೇಲಿ ನೋಡ್ಕೋತಾರೆ. ಸೆಖೆಗೆ ಯಾರೇನು ಮಾಡೋಕಾಗುತ್ತೆ?"

"ಸೆಖೆ ಅಲ್ಲ, ನಿಮ್ಮ ರೂಲ್ಸು! ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಹೊರಡಿ ಅಂದ್ರಿ, ಹಾಗೇ ಹೊರಟ್ವಿ. ಡೀಸೆಲ್ಲೂ ಉಳೀತು, ಹೇರಿದ ಮೊಟ್ಟೇನೂ ಒಡೀಲಿಲ್ಲ. ಒಳ್ಳೇದೇ, ಇವರಿಗೆಲ್ಲ ನಾನೇ ಕಲಿಸ್ದೆ. ಆದ್ರೆ ನಮ್ಮ ಕುಮಾಗಾಯಾ ಊರಿನ ಆಗಸ್ಟ್ ಉರಿಬಿಸಿಲಲ್ಲಿ, ಗೋದಾಮಿನ ಗೇಟ್ ತೆಗೆಯೋವರೆಗೂ ಎಂಜಿನ್ ಆರಿಸಿ, ಎ.ಸಿ. ಇಲ್ದೆ ಬೇಯೋದು ಯಾವ ಸೀಮೆ ಉಳಿತಾಯ?"

ಹಿರಾನುಮಾನ ಮುಖ ಬಿಗಿಯಿತು. "ರೂಲ್ಸು ಎಲ್ರಿಗೂ ಒಂದೇ."

"ಹೌದಾ?" ತತ್ಸುನೋ ಗೋಡೆಯ ಮೇಲಿದ್ದ ಎ.ಸಿ. ರಿಮೋಟನ್ನು ಕಿತ್ತುಕೊಂಡು ಒತ್ತಿದ. ತಣ್ಣನೆಯ ಗಾಳಿ ನಿಂತಿತು. ಎಂಜಿನ್ ಆರಿಸದೆ ಯಾರೂ ಕೆಳಗಿಳಿಯಬಾರದೆಂದು ಲಾರಿಯ ಕೀಲಿಯನ್ನು ಚಾಲಕರ ಸೊಂಟಕ್ಕೆ ಹಗ್ಗದಲ್ಲಿ ಕಟ್ಟಿಸಿದವನು ಹಿರಾನುಮಾನೇ. ತತ್ಸುನೋ ರಿಮೋಟನ್ನು ತನ್ನ ಸೊಂಟದ ಅದೇ ಹಗ್ಗಕ್ಕೆ ಬಿಗಿದ. ಆಮೇಲೆ, ಯಜಮಾನ ದಿನಾ ಬೆಳಿಗ್ಗೆ ಚಾಲಕರಿಂದ ಕೂಗಿಸುತ್ತಿದ್ದ ಪ್ರತಿಜ್ಞೆಯನ್ನು ಅವನತ್ತಲೇ ಬೆರಳು ಮಾಡಿ ಕೂಗಿದ.

"ನಿಂತ್ರೆ?"

"ಆಫ್!" ಇಡೀ ಸಾಲು ಗುಡುಗಿತು.