ಎಡಗಾಲಿನ ಲೇಸ್

ಸೀಸನ್ ಇಡೀ ಬೆಂಚಿನಲ್ಲೇ ಕೂತ ಚಂಪಾಳಿಗೆ ಇದ್ದದ್ದು ಒಂದೇ ಕೆಲಸ. ಪ್ರತಿ ಪಂದ್ಯಕ್ಕೂ ಮೊದಲು ನಾಯಕಿ ಬೋಜಮ್ಮನ ಎಡಗಾಲಿನ ಶೂ ಲೇಸ್ ಕಟ್ಟುವುದು. ಅವಳು ಕಟ್ಟಿದರೆ ಗೆಲುವು ಖಂಡಿತ ಎಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ನಂಬಿತ್ತು. ಈವರೆಗೆ ಸೋತೂ ಇರಲಿಲ್ಲ.

ಫೈನಲ್ ಸಮಬಲದಲ್ಲಿ ಮುಗಿಯುತ್ತಿದ್ದಾಗ ಅದೇ ಲೇಸ್ ಬಿಚ್ಚಿ ಬೋಜಮ್ಮ ಬಿದ್ದಳು. "ಕಾಲು ಊರಕ್ಕಾಗ್ತಿಲ್ಲ, ಸರ್!"

ಕೋಚ್ ಚಂಪಾಳತ್ತ ತಿರುಗಿದರು. "ಲೇಸ್ ಕಟ್ಟೋಕೂ ಬರಲ್ವಾ ನಿಂಗೆ?"

"ಎರಡು ಗಂಟು ಹಾಕಿದ್ದೆ, ಸರ್..."

"ಬೈಬೇಡಿ ಸರ್," ಬೋಜಮ್ಮ ನರಳಿದಳು. "ಇವತ್ತಾದ್ರೂ ಅವಳನ್ನ ಆಡ್ಸಿ."

ಚಂಪಾ ಅಂಗಳಕ್ಕಿಳಿದಳು. ಕೊನೆಯ ವಿಷಲ್‌ಗೆ ಮುನ್ನ ಅವಳೆಸೆದ ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು.

ಕಪ್ ಕೊಡಲು ಕರೆದಾಗ ಬೋಜಮ್ಮ ಚಂಪಾಳ ಕೈ ಹಿಡಿದೆಳೆದುಕೊಂಡು ವೇದಿಕೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಹತ್ತಿದಳು.